ಫೋನಿನ ಡೇಟಾ ಮಾವನವರ ಟ್ಯಾಬ್‌ಗೆ: ಬೆಳಿಗ್ಗೆ ಹನ್ನೊಂದಕ್ಕೇ 2 ಜಿಬಿ ಖಾಲಿ

ಡೊಂಬಿವಲಿಯ ಸೊಸೆ (ಭಾನುವಾರ, ರಾತ್ರಿ 9:50)

ಎಲ್ಲರಿಗೂ ನಮಸ್ಕಾರ. ಮಾವನವರು ಊರಿನಿಂದ ಬಂದು ನಮ್ಮ ಜೊತೆ ಇರಲು ಆರಂಭಿಸಿ ಎರಡು ತಿಂಗಳಾಯಿತು. ಮುಂಬೈಯ ಫೋರ್ಟ್‌ನ ಹೋಟೆಲೊಂದರಲ್ಲಿ ಮೂವತ್ತು ವರ್ಷ ಗಲ್ಲಾಪೆಟ್ಟಿಗೆಯ ಮೇಲೆ ಕುಳಿತವರು. ಫೋನಿನ ಅಕ್ಷರ ಕಾಣುವುದಿಲ್ಲ ಎಂದು ಒಂದು ಟ್ಯಾಬ್ ತಂದುಕೊಟ್ಟೆವು. ಕಡಿಮೆ ಬೆಲೆಯದು, ಆಂಡ್ರಾಯ್ಡ್, ಸಿಮ್ ಹಾಕುವ ಜಾಗವಿಲ್ಲ, ವೈಫೈ ಮಾತ್ರ. ಬೆಳಿಗ್ಗೆ ಕನ್ನಡ ಪತ್ರಿಕೆ, ಊಟವಾದ ಮೇಲೆ ಯಕ್ಷಗಾನ. ಇಷ್ಟೇ ಅವರ ಬೇಡಿಕೆ.

ಮನೆಯಲ್ಲಿ ಬ್ರಾಡ್‌ಬ್ಯಾಂಡ್ ಇಲ್ಲ. ಹನ್ನೊಂದು ತಿಂಗಳ ಕರಾರಿನ ಬಾಡಿಗೆ ಮನೆ. ಗೋಡೆಗೆ ತೂತು ಕೊರೆಯಲು ಮಾಲೀಕರು ಬಿಡುವುದಿಲ್ಲ, ಮುಂದಿನ ವರ್ಷ ನಾವು ಇಲ್ಲೇ ಇರುತ್ತೇವೆಯೇ ಎನ್ನುವುದೂ ಗೊತ್ತಿಲ್ಲ. ಹಾಗಾಗಿ ನನ್ನ ಫೋನಿನ ಹಾಟ್‌ಸ್ಪಾಟ್‌ನಿಂದಲೇ ಕೊಡುತ್ತಿದ್ದೇನೆ. ನನ್ನದು ಐಫೋನ್ 13. ದಿನಕ್ಕೆ 2 ಜಿಬಿಯ ಯೋಜನೆ.

ತೊಂದರೆ ಒಂದಲ್ಲ. ಎಷ್ಟೋ ಸಲ ಟ್ಯಾಬ್‌ಗೆ ನನ್ನ ಫೋನೇ ಕಾಣುವುದಿಲ್ಲ, ಅಕ್ಕಪಕ್ಕದ ಮನೆಗಳ ಇಪ್ಪತ್ತು ವೈಫೈ ಮಾತ್ರ ಕಾಣುತ್ತವೆ. ಸಿಕ್ಕಿದರೂ, ಮಾವನವರು ಟ್ಯಾಬ್ ಪಕ್ಕಕ್ಕಿಟ್ಟು ಕಾಫಿ ಕುಡಿದು ಬರುವಷ್ಟರಲ್ಲಿ ಸಂಪರ್ಕ ಕಡಿದಿರುತ್ತದೆ. ಎಲ್ಲಕ್ಕಿಂತ ಮುಖ್ಯವಾಗಿ, ಮನೆಯಲ್ಲಿದ್ದ ಇವತ್ತು ನೋಡಿದೆ: ಬೆಳಿಗ್ಗೆ ಹನ್ನೊಂದಕ್ಕೆ 2 ಜಿಬಿಯೂ ಮುಗಿದಿದೆ. ಅವರು ಓದಿದ್ದು ಎರಡು ಪತ್ರಿಕೆ! ಪತ್ರಿಕೆಗೆ 2 ಜಿಬಿ ಬೇಕೇ?

ಭಾಂಡುಪ್‌ವಾಸಿ (ಭಾನುವಾರ, ರಾತ್ರಿ 10:05)

ಮಾವನವರಿಗೆ ಒಂದು ಟಿವಿ ತೆಗೆದುಕೊಟ್ಟುಬಿಡಿ ಅಕ್ಕ, ಸಮಸ್ಯೆ ಮುಗಿಯಿತು.

ಡೊಂಬಿವಲಿಯ ಸೊಸೆ (ಭಾನುವಾರ, ರಾತ್ರಿ 10:11)

ಟಿವಿ ಇದೆ. ಅದರ ಮುಂದೆ ನನ್ನ ಮಕ್ಕಳಿದ್ದಾರೆ.

ಸಾಕಿನಾಕಾ ರಿಪೇರಿ (ಭಾನುವಾರ, ರಾತ್ರಿ 10:40)

ಅಕ್ಕ, ಮೂರು ಬೇರೆ ಬೇರೆ ರೋಗಗಳಿವೆ, ಒಂದೇ ಮಾತ್ರೆಯಿಂದ ಹೋಗುವುದಿಲ್ಲ. ಮೊಬೈಲ್ ರಿಪೇರಿ ಅಂಗಡಿ ಇಟ್ಟು ಹದಿನೈದು ವರ್ಷವಾಯಿತು, ಇಂಥದ್ದು ವಾರಕ್ಕೆರಡು ಬರುತ್ತವೆ.

ಮೊದಲು ಕಾಣದಿರುವುದರ ಬಗ್ಗೆ. ಅಗ್ಗದ ಟ್ಯಾಬ್‌ಗಳಲ್ಲಿ ಹಲವು 2.4 ಗಿಗಾಹರ್ಟ್ಸ್ ವೈಫೈಯನ್ನು ಮಾತ್ರ ಹಿಡಿಯುತ್ತವೆ. ಐಫೋನ್ 12 ಮತ್ತು ಅದರ ನಂತರದ ಫೋನ್‌ಗಳು ಹಾಟ್‌ಸ್ಪಾಟನ್ನು ಸಾಮಾನ್ಯವಾಗಿ 5 ಗಿಗಾಹರ್ಟ್ಸ್‌ನಲ್ಲಿ ಬಿತ್ತರಿಸುತ್ತವೆ. ಫೋನು ಕೂಗುತ್ತಲೇ ಇರುತ್ತದೆ, ಟ್ಯಾಬ್‌ಗೆ ಆ ಸ್ವರ ಕೇಳುವ ಕಿವಿಯೇ ಇಲ್ಲ. ಪರ್ಸನಲ್ ಹಾಟ್‌ಸ್ಪಾಟ್ ಪುಟದಲ್ಲಿ 'ಮ್ಯಾಕ್ಸಿಮೈಸ್ ಕಂಪ್ಯಾಟಿಬಿಲಿಟಿ' ಎಂಬ ಗುಂಡಿ ಇದೆ, ಅದನ್ನು ಹಾಕಿ. ಫೋನು 2.4ಕ್ಕೆ ಇಳಿಯುತ್ತದೆ. ವೇಗ ಸ್ವಲ್ಪ ಕಡಿಮೆಯಾಗುತ್ತದೆ, ಆದರೆ ಗೋಡೆ ದಾಟುವ ವಿಷಯದಲ್ಲಿ 2.4ರದೇ ಮೇಲುಗೈ.

ಎರಡನೆಯದು, ಐಫೋನಿನ ಸ್ವಭಾವ. ಹಾಟ್‌ಸ್ಪಾಟ್‌ಗೆ ಯಾರೂ ಅಂಟಿಕೊಂಡಿಲ್ಲ, ಪರದೆಯೂ ಆರಿದೆ ಎಂದರೆ ಬ್ಯಾಟರಿ ಉಳಿಸಲು ಅದು ಬಾಯಿ ಮುಚ್ಚಿಕೊಳ್ಳುತ್ತದೆ. ಟ್ಯಾಬ್ ನಿದ್ದೆಗೆ ಜಾರಿ ವೈಫೈ ಬಿಟ್ಟ ಮೇಲೆ ಫೋನೂ ಮಲಗುತ್ತದೆ. ಮತ್ತೆ ಸೇರಿಸಬೇಕಾದರೆ ಫೋನಿನಲ್ಲಿ ಅದೇ ಹಾಟ್‌ಸ್ಪಾಟ್ ಪುಟ ತೆರೆದಿಟ್ಟು, ಆ ಪುಟ ಕಾಣುತ್ತಿರುವಾಗಲೇ ಟ್ಯಾಬ್‌ನಿಂದ ಹುಡುಕಿ. ಇದಕ್ಕೆ ಬೇರೆ ಉಪಾಯ ನನಗೆ ಕಂಡಿಲ್ಲ.

ಮೂರನೆಯದಕ್ಕೆ, ಅಂದರೆ ಡೇಟಾ ಕಳ್ಳನಿಗೆ, ಸಾಕ್ಷಿ ಬೇಕು. ಟ್ಯಾಬ್‌ನ ಸೆಟ್ಟಿಂಗ್ಸ್‌ನಲ್ಲಿ ವೈಫೈ ಡೇಟಾ ಬಳಕೆ ಎಂಬ ಪುಟದಲ್ಲಿ ಯಾವ ಆ್ಯಪ್ ಎಷ್ಟು ತಿಂದಿದೆ ಎಂದು ಸಾಲಾಗಿ ಬರೆದಿರುತ್ತದೆ. ನಾಳೆ ಅದನ್ನು ನೋಡಿ ಇಲ್ಲಿ ಹಾಕಿ. ನಿಮ್ಮ ಫೋನಿನಲ್ಲೂ ಮೊಬೈಲ್ ಡೇಟಾ ಪುಟದಲ್ಲಿ ಪರ್ಸನಲ್ ಹಾಟ್‌ಸ್ಪಾಟ್‌ನ ಲೆಕ್ಕ ಬೇರೆಯೇ ಇರುತ್ತದೆ. ಅದು ತಿಂಗಳಿಗೊಮ್ಮೆ ತಾನಾಗಿ ಸೊನ್ನೆಯಾಗುವುದಿಲ್ಲ, ಕೊನೆಯಲ್ಲಿರುವ ರೀಸೆಟ್ ಒತ್ತಿಯೇ ನಾಳೆಯ ಎಣಿಕೆ ಆರಂಭಿಸಿ.

ಮಾಟುಂಗದ ಮೇಷ್ಟ್ರು (ಸೋಮವಾರ, ಬೆಳಿಗ್ಗೆ 6:20)

ನನ್ನ ಅಭಿಪ್ರಾಯ ಬೇರೆ. ಸಿಮ್ ಹಾಕುವ ಟ್ಯಾಬನ್ನೇ ಕೊಳ್ಳಬೇಕಿತ್ತು. ನಾನು ನಿವೃತ್ತನಾದಾಗ ಮಗ ತಂದುಕೊಟ್ಟದ್ದು ಅಂಥದ್ದು. ಯಾರ ಫೋನಿನ ಹಂಗೂ ಇಲ್ಲ. ಸಂಘದ ಕಾರ್ಯಕ್ರಮಕ್ಕೆ ಹೋದರೂ ನನ್ನ ಪುಸ್ತಕ, ನನ್ನ ಪತ್ರಿಕೆ ನನ್ನ ಕೈಯಲ್ಲಿ. ವಯಸ್ಸಾದವರು ಒಂದು ಪುಟ ಓದಲು 'ಮಗಳೇ, ನೆಟ್ ಹಾಕು' ಎಂದು ಕಾಯುವಂತಾಗಬಾರದು. ಅವರು ಬಾಯಿ ಬಿಟ್ಟು ಹೇಳುವುದಿಲ್ಲ, ಓದುವುದನ್ನೇ ಬಿಟ್ಟುಬಿಡುತ್ತಾರೆ.

ಥಾಣೆಯ ಲೆಕ್ಕಿಗ (ಸೋಮವಾರ, ಬೆಳಿಗ್ಗೆ 8:02)

ಮೇಷ್ಟ್ರೇ, ನಿಮ್ಮ ಕೊನೆಯ ಮಾತು ಒಪ್ಪಿದೆ. ಆದರೆ ಕೊಂಡ ಟ್ಯಾಬನ್ನು ಸಮುದ್ರಕ್ಕೆ ಎಸೆಯುವಂತಿಲ್ಲವಲ್ಲ. ಅದೂ ಅಲ್ಲದೆ ಸಿಮ್ ಇರುವ ಟ್ಯಾಬ್‌ಗೂ ತಿಂಗಳ ರೀಚಾರ್ಜ್ ಬೇಕು.

ಲೋಕಲ್‌ನಲ್ಲಿ ನಿಂತುಕೊಂಡೇ ಬರೆಯುತ್ತಿದ್ದೇನೆ, ತಪ್ಪಿದ್ದರೆ ತಿದ್ದಿ. ಅಂಕಿ ಹೀಗಿದೆ. ವೀಡಿಯೋ 480ರ ಗುಣಮಟ್ಟದಲ್ಲಿ ಗಂಟೆಗೆ ಸುಮಾರು ಅರ್ಧ ಜಿಬಿ ತೆಗೆದುಕೊಳ್ಳುತ್ತದೆ. 1080ಕ್ಕೆ ಏರಿದರೆ ಗಂಟೆಗೆ ಒಂದೂವರೆಯಿಂದ ಮೂರು ಜಿಬಿ. ಅಂದರೆ ನಿಮ್ಮ ದಿನದ 2 ಜಿಬಿಯಲ್ಲಿ ಮೊದಲನೆಯ ರೀತಿಯಲ್ಲಿ ನಾಲ್ಕು ಗಂಟೆ ಯಕ್ಷಗಾನದ ಆಟ ನೋಡಬಹುದು. ಎರಡನೆಯ ರೀತಿಯಲ್ಲಿ ಪೀಠಿಕೆ ಮುಗಿಯುವಷ್ಟರಲ್ಲಿ ಮಂಗಳ.

ದಿನದ ಡೇಟಾ ಮುಗಿದ ಮೇಲೆ ಸಿಗುವ ವೇಗ 64 ಕೆಬಿಪಿಎಸ್. ಕೇಳಲು ಏನೋ ಇದೆ ಎನಿಸುತ್ತದೆ. ಲೆಕ್ಕ ಹಾಕಿ ನೋಡಿ: ಸೆಕೆಂಡಿಗೆ 8 ಕಿಲೋಬೈಟ್, ಗಂಟೆಗೆ 29 ಎಂಬಿಯೂ ಆಗುವುದಿಲ್ಲ. 15 ಎಂಬಿಯ ಇ-ಪತ್ರಿಕೆ ಒಂದು ಇಳಿಯಲು ಅರ್ಧ ಗಂಟೆ. ಅಷ್ಟು ಹೊತ್ತಿನಲ್ಲಿ ಡೊಂಬಿವಲಿಯಿಂದ ಫಾಸ್ಟ್ ಹಿಡಿದು ಥಾಣೆಯಲ್ಲಿ ಇಳಿದು ಕಾಗದದ ಪತ್ರಿಕೆಯನ್ನೇ ಕೊಳ್ಳಬಹುದು.

ಇನ್ನೊಂದು ಪ್ರಶ್ನೆ. ಮನೆಯೊಳಗೆ ನಿಮಗೆ 5ಜಿ ಸಿಗುತ್ತದೆಯೇ? 2024ರ ಜುಲೈಯ ದರ ಏರಿಕೆಯ ನಂತರ ದೊಡ್ಡ ಕಂಪನಿಗಳು ಮಿತಿಯಿಲ್ಲದ 5ಜಿಯನ್ನು ದಿನಕ್ಕೆ 2 ಜಿಬಿ ಮತ್ತು ಮೇಲಿನ ಯೋಜನೆಗಳಿಗಷ್ಟೇ ಉಳಿಸಿಕೊಂಡವು. ನಿಮ್ಮದು ಅಂಥ ಯೋಜನೆಯಾದರೆ 5ಜಿಯಲ್ಲಿ ಹೋದದ್ದು ಆ 2 ಜಿಬಿಯಲ್ಲಿ ಕಳೆಯುವುದಿಲ್ಲ, 4ಜಿಗೆ ಜಾರಿದ ಕ್ಷಣದಿಂದ ಮೀಟರ್ ಓಡುತ್ತದೆ. ಹಾಟ್‌ಸ್ಪಾಟ್‌ಗೆ ಆ ಸೌಲಭ್ಯ ಎಷ್ಟರಮಟ್ಟಿಗೆ ಅನ್ವಯಿಸುತ್ತದೆ ಎಂದು ನಿಮ್ಮ ಯೋಜನೆಯ ಷರತ್ತಿನಲ್ಲಿ ನೋಡಿಕೊಳ್ಳಿ.

ಡೊಂಬಿವಲಿಯ ಸೊಸೆ (ಸೋಮವಾರ, ಮಧ್ಯಾಹ್ನ 1:25)

ಕಚೇರಿಯ ಊಟದ ಬಿಡುವಿನಲ್ಲಿ ಬರೆಯುತ್ತಿದ್ದೇನೆ. ರಿಪೇರಿ ಅಣ್ಣ ಹೇಳಿದ ಗುಂಡಿ ಹಾಕಿದ ತಕ್ಷಣ ಟ್ಯಾಬ್‌ಗೆ ಫೋನು ಕಂಡಿತು. ಒಂದು ಸಲಕ್ಕೇ!

5ಜಿ ವಿಷಯ: ನಮ್ಮದು ಎರಡನೇ ಮಹಡಿ, ಹಿಂದುಗಡೆಯ ಕೋಣೆ, ಎದುರಿಗೆ ಇನ್ನೊಂದು ಕಟ್ಟಡದ ಗೋಡೆ. ಅಡುಗೆಮನೆಯ ಕಿಟಕಿಯ ಬಳಿ ಮಾತ್ರ 5ಜಿ ಎಂದು ಬರುತ್ತದೆ, ಮಾವನವರು ಕೂರುವ ಮಂಚದ ಹತ್ತಿರ 4ಜಿ. ಲೆಕ್ಕಿಗರೇ, ಇದನ್ನು ನಾನು ಯೋಚಿಸಿಯೇ ಇರಲಿಲ್ಲ.

ಆದರೆ ಈಗ ನಾನು ಇಲ್ಲಿದ್ದೇನೆ, ಫೋನೂ ಇಲ್ಲಿದೆ. ಅವರು ಅಲ್ಲಿ ಸುಮ್ಮನೆ ಕುಳಿತಿರುತ್ತಾರೆ. ಮೇಷ್ಟ್ರು ಹೇಳಿದ್ದು ಚುಚ್ಚಿತು.

ಎರಡನೇ ಪಾಳಿ (ಸೋಮವಾರ, ಮಧ್ಯಾಹ್ನ 3:10)

ಹೋಟೆಲಿನಲ್ಲಿ ಮಧ್ಯಾಹ್ನದ ಗದ್ದಲ ಇಳಿಯಿತು, ಈಗ ನನ್ನ ಪಾಲು. ನಮಗೆ ಡೇಟಾ ಎಂದರೆ ಏನೆಂದು ಕಲಿಸಿದ್ದು ರೈಲು ನಿಲ್ದಾಣ. 2016ರ ಜನವರಿಯಲ್ಲಿ ಮುಂಬೈ ಸೆಂಟ್ರಲ್‌ನಲ್ಲಿ ಉಚಿತ ವೈಫೈ ಬಂದಾಗ ನಾವು ನಾಲ್ಕು ಹುಡುಗರು ಪಾಳಿ ಮುಗಿಸಿ ಅಲ್ಲಿಗೇ ಹೋಗುತ್ತಿದ್ದೆವು. ರೈಲು ಹಿಡಿಯಲು ಅಲ್ಲ, ಯಕ್ಷಗಾನದ ಆಟ ಇಳಿಸಿಕೊಳ್ಳಲು. ಪ್ಲಾಟ್‌ಫಾರ್ಮಿನ ಕಂಬಕ್ಕೆ ಒರಗಿ, ಇಡೀ ರಾತ್ರಿಯ ಪ್ರಸಂಗವನ್ನು ಒಂದು ಮೆಮೊರಿ ಕಾರ್ಡಿಗೆ ತುಂಬಿಕೊಂಡು ಕೋಣೆಗೆ ಬರುತ್ತಿದ್ದೆವು.

ಈಗಲೂ ನನ್ನದು ಅದೇ ಪದ್ಧತಿ. ನೇರವಾಗಿ ನೋಡುವುದಿಲ್ಲ, ಇಳಿಸಿಟ್ಟುಕೊಂಡು ನೋಡುತ್ತೇನೆ. ರಾತ್ರಿ ಹನ್ನೆರಡಕ್ಕೆ ದಿನದ ಡೇಟಾ ಹೊಸದಾಗುತ್ತದೆ. ಮಲಗುವ ಮೊದಲು ಆ ದಿನದ ಉಳಿಕೆ ಎಷ್ಟಿದೆಯೋ ಅಷ್ಟನ್ನೂ ಟ್ಯಾಬ್‌ಗೆ ಇಳಿಸಲು ಹಾಕಿ. ನಿಮ್ಮ ಮಾವನವರಿಗೆ ಮರುದಿನ ಮಧ್ಯಾಹ್ನ ನೆಟ್ಟೇ ಬೇಡ. ಊರಿಗೆ ಮತ್ಸ್ಯಗಂಧ ರೈಲಿನಲ್ಲಿ ಹೋಗುವಾಗಲೂ ಇದೇ ಕೈಹಿಡಿಯುವುದು. ಕೊಂಕಣ ರೈಲಿನ ಸುರಂಗಗಳಲ್ಲಿ ಯಾವ ಹಾಟ್‌ಸ್ಪಾಟೂ ನಡೆಯುವುದಿಲ್ಲ. ರತ್ನಾಗಿರಿಯ ಹತ್ತಿರದ ಕರಬುಡೆ ಸುರಂಗ ಒಂದೇ ಆರೂವರೆ ಕಿಲೋಮೀಟರ್. ಭೀಮ ಗದೆ ಎತ್ತಿದವನು ಎತ್ತಿದಂತೆಯೇ ನಿಂತುಬಿಡುತ್ತಾನೆ.

ಮುಲುಂಡಿನ ಅತ್ತೆ (ಸೋಮವಾರ, ಸಂಜೆ 5:30)

ಬ್ಲೂಟೂತ್‌ನಿಂದಲೂ ಕೊಡಬಹುದು ಎಂದು ಯಾರೂ ಹೇಳಲಿಲ್ಲವಲ್ಲ. ನನ್ನ ಫೋನೂ ಟ್ಯಾಬೂ ಎರಡೂ ಆಂಡ್ರಾಯ್ಡ್. ಒಂದು ಸಲ ಜೋಡಿ ಮಾಡಿಟ್ಟಿದ್ದೇನೆ, ಫೋನಿನಲ್ಲಿ ಬ್ಲೂಟೂತ್ ಟೆದರಿಂಗ್ ಹಾಕಿದರೆ ಸಾಕು. ವೇಗ ಕಡಿಮೆ, ಹೆಚ್ಚೆಂದರೆ ಒಂದೆರಡು ಎಂಬಿಪಿಎಸ್. ಪತ್ರಿಕೆ, ವಾಟ್ಸ್‌ಆ್ಯಪ್, ಭಜನೆಗೆ ಧಾರಾಳವಾಯಿತು. ಫೋನು ಬಿಸಿಯಾಗುವುದಿಲ್ಲ, ಬ್ಯಾಟರಿ ಸಂಜೆಯವರೆಗೆ ಬರುತ್ತದೆ. ನಿಧಾನ ಇರುವುದರಿಂದ ಟ್ಯಾಬ್‌ಗೆ ಬೇಡದ್ದನ್ನು ಎಳೆದುಕೊಳ್ಳುವ ತ್ರಾಣವೂ ಇಲ್ಲ. ನನ್ನ ಮಟ್ಟಿಗೆ ಅದೇ ಉಳಿತಾಯ.

ಸಾಕಿನಾಕಾ ರಿಪೇರಿ (ಸೋಮವಾರ, ರಾತ್ರಿ 9:15)

ಅತ್ತೆಯವರ ಮಾತು ಸರಿ, ಬ್ಲೂಟೂತನ್ನು ಜನ ಮರೆತೇಬಿಟ್ಟಿದ್ದಾರೆ. ಫೋನಿಗೂ ಟ್ಯಾಬ್‌ಗೂ ಕೇಬಲ್ ಹಾಕಿ ಯುಎಸ್‌ಬಿ ಟೆದರಿಂಗ್ ಕೂಡ ಮಾಡಬಹುದು, ಆದರೆ ಎಲ್ಲ ಟ್ಯಾಬ್‌ಗಳೂ ಅದಕ್ಕೆ ಒಪ್ಪುವುದಿಲ್ಲ. ಮಂಚದ ಮೇಲೆ ಕೇಬಲ್ ಎಳೆದುಕೊಂಡು ವಯಸ್ಸಾದವರು ಕೂರುವುದೂ ಬೇಡ.

ಮನೆಯಲ್ಲಿ ಯಾರದಾದರೂ ಹಳೆಯ ಆಂಡ್ರಾಯ್ಡ್ ಫೋನ್ ಡ್ರಾಯರಿನಲ್ಲಿ ಬಿದ್ದಿದೆಯೇ ಅಕ್ಕ? ಇರಲೇಬೇಕು, ಮುಂಬೈಯಲ್ಲಿ ಅಂಥ ಡ್ರಾಯರ್ ಇಲ್ಲದ ಮನೆಯನ್ನು ನಾನು ನೋಡಿಲ್ಲ. ಅದಕ್ಕೊಂದು ಸಿಮ್ ಹಾಕಿ ಅಡುಗೆಮನೆಯ ಕಿಟಕಿಯಲ್ಲಿ ಇಡಿ. ಹಾಟ್‌ಸ್ಪಾಟ್ ಪುಟದಲ್ಲಿ 'ಯಾರೂ ಸೇರದಿದ್ದರೆ ತಾನಾಗಿ ಆರಿಸು' ಎಂಬ ಅರ್ಥದ ಗುಂಡಿ ಇರುತ್ತದೆ, ಅದನ್ನು ತೆಗೆದುಬಿಡಿ. ಆಮೇಲೆ ನೀವು ಕಚೇರಿಯಲ್ಲಿದ್ದರೂ ಮಾವನವರಿಗೆ ನೆಟ್ ಇರುತ್ತದೆ.

ಒಂದು ಎಚ್ಚರಿಕೆ. ಹಗಲೂ ರಾತ್ರಿ ಚಾರ್ಜರ್‌ಗೆ ನೇತುಹಾಕಬೇಡಿ. ಕಳೆದ ಮಳೆಗಾಲದಲ್ಲಿ ಒಬ್ಬರು ಹೀಗೇ ಹಾಟ್‌ಸ್ಪಾಟ್‌ಗೆಂದು ವರ್ಷವಿಡೀ ಚಾರ್ಜಿನಲ್ಲಿಟ್ಟ ಫೋನನ್ನು ತಂದರು. ಹಿಂಬದಿಯ ಮುಚ್ಚಳ ಹಂಚಿನ ಮೇಲಿನ ಪೂರಿಯ ಹಾಗೆ ಎದ್ದಿತ್ತು. ಒಳಗೆ ಬ್ಯಾಟರಿ ದಿಂಬಿನಂತೆ ಊದಿಕೊಂಡಿದೆ. ಅದನ್ನು ಚುಚ್ಚಿದರೆ ಬೆಂಕಿ. ನಾನು ಮರಳು ತುಂಬಿದ ಡಬ್ಬದಲ್ಲಿಟ್ಟು ಅಂಗಡಿಯ ಹೊರಗೆ ಇರಿಸಿದೆ. ಬೆಳಿಗ್ಗೆ ತುಂಬಿಸಿ, ತೆಗೆಯಿರಿ. ಮತ್ತೆ ಸಂಜೆ ನೋಡಿ. ಬಿಸಿಲು ಬೀಳುವ ಕಡೆ ಇಡಬೇಡಿ.

ಎರಡನೇ ಪಾಳಿ (ಸೋಮವಾರ, ರಾತ್ರಿ 11:55)

ಅಣ್ಣ, ಪೂರಿ ಹಂಚಿನ ಮೇಲೆ ಅಲ್ಲ, ಎಣ್ಣೆಯಲ್ಲಿ ಎದ್ದೇಳುವುದು. ಹಂಚಿನ ಮೇಲೆ ಉಬ್ಬುವುದು ಫುಲ್ಕಾ.

ಸಾಕಿನಾಕಾ ರಿಪೇರಿ (ಮಂಗಳವಾರ, ಬೆಳಿಗ್ಗೆ 7:40)

ಒಪ್ಪಿದೆ. ನೀವು ನನ್ನ ಅಂಗಡಿಗೆ ಬರಬೇಡಿ, ನಾನು ನಿಮ್ಮ ಅಡುಗೆಮನೆಗೆ ಬರುವುದಿಲ್ಲ.

ಮಾಟುಂಗದ ಮೇಷ್ಟ್ರು (ಮಂಗಳವಾರ, ಬೆಳಿಗ್ಗೆ 8:10)

ಒಂದು ಕುತೂಹಲ. ಹೀಗೆ ಹಂಚಿಕೊಂಡದ್ದು ದೂರವಾಣಿ ಕಂಪನಿಗೆ ತಿಳಿಯುತ್ತದೆಯೇ? ತಿಳಿದರೆ ದಂಡ ಹಾಕುತ್ತಾರೆಯೇ?

ಸಾಕಿನಾಕಾ ರಿಪೇರಿ (ಮಂಗಳವಾರ, ಬೆಳಿಗ್ಗೆ 8:30)

ತಿಳಿಯುವ ದಾರಿ ಇದೆ ಮೇಷ್ಟ್ರೇ. ಹೊರಡುವ ಪ್ರತಿಯೊಂದು ಡೇಟಾ ಪೊಟ್ಟಣದ ಮೇಲೂ ಒಂದು ಅಂಕಿ ಬರೆದಿರುತ್ತದೆ, ಟಿಟಿಎಲ್ ಎನ್ನುತ್ತಾರೆ. ಫೋನಿನಿಂದಲೇ ಹೊರಟರೆ ಸಾಮಾನ್ಯವಾಗಿ 64. ಟ್ಯಾಬ್‌ನಿಂದ ಹೊರಟು ಫೋನು ದಾಟಿದರೆ ಒಂದು ಕಡಿಮೆಯಾಗಿ 63. ಸುಂಕದ ಕಟ್ಟೆಯಲ್ಲಿ ಒಂದು ಕಾಸು ಕೊಟ್ಟು ಬಂದ ಹಾಗೆ. ನಮ್ಮಲ್ಲಿ ಸಾಮಾನ್ಯ ಯೋಜನೆಗಳಲ್ಲಿ ಹಾಟ್‌ಸ್ಪಾಟ್‌ಗೆ ಬೇರೆ ಶುಲ್ಕ ಇಲ್ಲ, ಮನೆಮಟ್ಟಿಗೆ ಬಳಸಿದರೆ ಚಿಂತೆ ಬೇಡ. ಅಂಗಡಿಗೆ ಬಂದ ಗಿರಾಕಿಗಳಿಗೆಲ್ಲ ಹಂಚಲು ಹೊರಟರೆ ಅದು ಬೇರೆ ಮಾತು.

ಡೊಂಬಿವಲಿಯ ಸೊಸೆ (ಮಂಗಳವಾರ, ರಾತ್ರಿ 10:20)

ಕಳ್ಳ ಸಿಕ್ಕಿದ!

ಕಚೇರಿಯಿಂದ ಬಂದು ಮಾವನವರ ಪಕ್ಕ ಕುಳಿತು ಟ್ಯಾಬ್‌ನ ಆ ಪುಟ ತೆರೆದೆ. ಪತ್ರಿಕೆಯ ಆ್ಯಪ್ ಈ ತಿಂಗಳಲ್ಲಿ ತಿಂದದ್ದು 400 ಎಂಬಿಯೂ ಇಲ್ಲ. ಯೂಟ್ಯೂಬ್ ಅದರ ಹಲವು ಪಟ್ಟು, ಅದು ನಿರೀಕ್ಷಿತವೇ. ಆದರೆ ಎಲ್ಲಕ್ಕಿಂತ ಮೇಲೆ, 19 ಜಿಬಿಯೊಂದಿಗೆ ಕುಳಿತಿತ್ತು ಪ್ಲೇಸ್ಟೋರ್. ಹೆಸರೇ ಕೇಳಿರದ ಆರು ಆಟಗಳು ಟ್ಯಾಬ್‌ನಲ್ಲಿದ್ದವು. ಕಾರು ಓಡಿಸುವುದು, ಬಂದೂಕು ಹಾರಿಸುವುದು. ದಿನವೂ ಅವಕ್ಕೆ ಅಪ್‌ಡೇಟ್.

"ಮಾವ, ನೀವು ಕಾರು ಓಡಿಸುತ್ತೀರಾ?" ಎಂದು ಕೇಳಿದೆ. ಅವರು ಕನ್ನಡಕ ಸರಿಮಾಡಿಕೊಂಡು, "ಗಣಪತಿಗೆ ಬಂದಿದ್ದನಲ್ಲ, ನಿನ್ನ ಅಣ್ಣನ ಮಗ. ಏನೋ ಒತ್ತುತ್ತಿದ್ದ. ಹುಡುಗ, ಬಿಡು ಎಂದುಕೊಂಡೆ" ಎಂದರು.

ಅವನಿಗೆ ಫೋನ್ ಮಾಡಿದೆ. ಹಾಟ್‌ಸ್ಪಾಟ್‌ನಲ್ಲಿ ಆಟ ಇಳಿಯುತ್ತಿರಲಿಲ್ಲವಂತೆ, 'ವೈಫೈಗಾಗಿ ಕಾಯುತ್ತಿದೆ' ಎಂದು ತೋರಿಸುತ್ತಿತ್ತಂತೆ. ಅದಕ್ಕೆ ಟ್ಯಾಬ್‌ನ ವೈಫೈ ಪುಟದಲ್ಲಿ ನನ್ನ ಫೋನಿನ ಹೆಸರಿನ ಮೇಲೆ ಒತ್ತಿ, 'ಮೀಟರ್ಡ್' ಎಂದಿದ್ದುದನ್ನು 'ಅನ್‌ಮೀಟರ್ಡ್' ಎಂದು ಬದಲಾಯಿಸಿದನಂತೆ. ವಯಸ್ಸು ಹನ್ನೊಂದು. ಬೈಯಲು ಬಾಯಿ ತೆರೆದೆ, ಒಳಗೊಳಗೇ ಮೆಚ್ಚುಗೆಯೂ ಆಯಿತು.

ಸಾಕಿನಾಕಾ ರಿಪೇರಿ (ಮಂಗಳವಾರ, ರಾತ್ರಿ 10:45)

ಹುಡುಗನನ್ನು ರಜೆಯಲ್ಲಿ ನನ್ನ ಅಂಗಡಿಗೆ ಕಳುಹಿಸಿ ಅಕ್ಕ, ಕೆಲಸ ಕೊಡುತ್ತೇನೆ.

ನಡೆದದ್ದು ಇಷ್ಟು. ಟ್ಯಾಬ್‌ಗೆ ಸಂಪರ್ಕ ಬರುವುದು ವೈಫೈ ರೂಪದಲ್ಲೇ. ಆ ವೈಫೈಯ ಹಿಂದೆ ಮನೆಯ ಕೇಬಲ್ ಇದೆಯೋ ಎಣಿಸಿ ಕೊಡುವ ಸಿಮ್ ಇದೆಯೋ ಎಂದು ತಿಳಿಸುವುದು ಆ ಒಂದು ಗುರುತು. ಗುರುತು ತಪ್ಪಿದರೆ ಅಪ್‌ಡೇಟ್, ಚಿತ್ರಗಳ ಬ್ಯಾಕಪ್ ಎಲ್ಲ ಹಬ್ಬದೂಟ ಎಂದುಕೊಂಡು ಎಲೆ ಹಾಸಿ ಕೂರುತ್ತವೆ. ಮತ್ತೆ ಮೀಟರ್ಡ್ ಮಾಡಿ. ಹಳೆಯ ಫೋನಿಗೆ ಬದಲಾಯಿಸಿದಾಗ ಅದರ ಹೆಸರಿನ ಮೇಲೂ ಒತ್ತಿ ಇದನ್ನು ನೋಡಿಕೊಳ್ಳಿ, ಪ್ರತಿ ಹೆಸರಿಗೂ ಗುರುತು ಬೇರೆ. ಯೂಟ್ಯೂಬ್‌ನಲ್ಲಿ ಮೊಬೈಲ್‌ಗೆ ಒಂದು ಗುಣಮಟ್ಟ, ವೈಫೈಗೆ ಒಂದು ಗುಣಮಟ್ಟ ಎಂದು ಎರಡು ಸಾಲು ಇವೆ. ಎರಡನ್ನೂ ಇಳಿಸಿ, ಒಂದನ್ನು ಮಾತ್ರ ಇಳಿಸಿ ಮೋಸ ಹೋಗಬೇಡಿ.

ಭಾಂಡುಪ್‌ವಾಸಿ (ಮಂಗಳವಾರ, ರಾತ್ರಿ 11:02)

ಪಾಸ್‌ವರ್ಡ್ ಬಗ್ಗೆಯೂ ಒಂದು ಮಾತು. ನಾನು ಎಲ್ಲದಕ್ಕೂ ಒಂದರಿಂದ ಎಂಟರವರೆಗಿನ ಅಂಕಿ ಇಟ್ಟಿದ್ದೆ. ಕಲ್ಯಾಣ್ ಲೋಕಲ್‌ನಲ್ಲಿ ಟ್ಯಾಬ್‌ಗೆ ಹಾಟ್‌ಸ್ಪಾಟ್ ಕೊಟ್ಟು ಕ್ರಿಕೆಟ್ ನೋಡುತ್ತಿದ್ದಾಗ, 'ಎರಡು ಸಾಧನ ಸೇರಿವೆ' ಎಂದು ಫೋನು ತೋರಿಸಿತು. ಡಬ್ಬಿಯಲ್ಲಿ ಮುನ್ನೂರು ಜನ. ಯಾರ ಮುಖ ನೋಡಲಿ? ಘಾಟ್‌ಕೋಪರ್‌ನಲ್ಲಿ ಅರ್ಧ ಡಬ್ಬಿ ಇಳಿಯಿತು, ಎರಡು ಇದ್ದದ್ದು ಒಂದಾಯಿತು. ಅಂದೇ ಬದಲಾಯಿಸಿದೆ.

ಥಾಣೆಯ ಲೆಕ್ಕಿಗ (ಬುಧವಾರ, ಬೆಳಿಗ್ಗೆ 8:05)

ಅದಕ್ಕೇ ನೀವು ಟಿವಿ ಕೊಳ್ಳಿ ಎಂದದ್ದು, ಅರ್ಥವಾಯಿತು.

ಸೊಸೆಯವರೇ, ಒಂದು ಸಲಹೆ. ಮಾವನವರು ನೋಡುವುದು ಆಟವೋ ತಾಳಮದ್ದಳೆಯೋ? ತಾಳಮದ್ದಳೆಯಾದರೆ ವೇಷವಿಲ್ಲ, ಕುಣಿತವಿಲ್ಲ, ಕುಳಿತು ಮಾತು. 144ಕ್ಕೆ ಇಳಿಸಿದರೂ ನಷ್ಟವಿಲ್ಲ, ಗಂಟೆಗೆ 100 ಎಂಬಿಯೊಳಗೇ ಮುಗಿಯುತ್ತದೆ. ಬಣ್ಣದ ವೇಷ ಬಂದಾಗ ಮಾತ್ರ 480.

ಡೊಂಬಿವಲಿಯ ಸೊಸೆ (ಶನಿವಾರ, ರಾತ್ರಿ 8:30)

ನಾಲ್ಕು ದಿನದ ವರದಿ. ಯಜಮಾನರ ಹಳೆಯ ಫೋನ್ ಡ್ರಾಯರಿನಲ್ಲೇ ಇತ್ತು. ಹೊಸ ಸಿಮ್ ಹಾಕಿ ಅಡುಗೆಮನೆಯ ಕಿಟಕಿಯ ಬಳಿ, ಸಾಸಿವೆ ಡಬ್ಬದ ಪಕ್ಕ ಇಟ್ಟಿದ್ದೇವೆ. ಆ ಫೋನಿಗೆ 5ಜಿ ಇಲ್ಲ, ಅದಕ್ಕೆ ದಿನಕ್ಕೆ ಒಂದೂವರೆ ಜಿಬಿಯ ಚಿಕ್ಕ ಯೋಜನೆ. ಆಟಗಳನ್ನೆಲ್ಲ ತೆಗೆದೆ, ಮೀಟರ್ಡ್ ಮಾಡಿದೆ. ನಿನ್ನೆ ರಾತ್ರಿ ನೋಡಿದಾಗ ಇನ್ನೂ 600 ಎಂಬಿ ಉಳಿದಿತ್ತು, ಎರಡನೇ ಪಾಳಿಯವರು ಹೇಳಿದಂತೆ ಅದರಲ್ಲಿ ಒಂದು ತಾಳಮದ್ದಳೆ ಇಳಿಸಿಟ್ಟೆ. ಚಾರ್ಜಿಂಗ್ ಹೊಣೆ ಮಾವನವರದೇ. ಸ್ನಾನಕ್ಕೆ ಹೋಗುವಾಗ ಹಾಕುತ್ತಾರೆ, ತಿಂಡಿ ಮುಗಿದಾಗ ತೆಗೆಯುತ್ತಾರೆ.

ಗುಣಮಟ್ಟ ಇಳಿಸಿದ್ದು ಅವರಿಗೆ ಗೊತ್ತಾಗಲೇ ಇಲ್ಲ. ಅರ್ಧ ಹೊತ್ತು ಕಣ್ಣು ಮುಚ್ಚಿಯೇ ಇರುತ್ತಾರೆ, ಚಂಡೆ ಜೋರಾದಾಗ ತೆರೆಯುತ್ತಾರೆ.

ಡೊಂಬಿವಲಿಯ ಸೊಸೆ (ಭಾನುವಾರ, ಮಧ್ಯಾಹ್ನ 2:15)

ಇದನ್ನು ಬರೆಯುತ್ತಿರುವುದು ಮಾವ. ಸೊಸೆಯ ಖಾತೆಯಿಂದ, ಅವಳ ಒಪ್ಪಿಗೆ ಪಡೆದು. ಮೇಲೆ ಬರೆದದ್ದನ್ನೆಲ್ಲ ಟ್ಯಾಬ್‌ನಲ್ಲಿ ಓದಿದೆ. ತಾಳಮದ್ದಳೆಯನ್ನು ಕಣ್ಣು ಮುಚ್ಚಿಯೇ ಕೇಳಬೇಕು, ಅದು ನಿದ್ದೆಯಲ್ಲ. ಗುಣಮಟ್ಟ ಇಳಿಸಿದ್ದು ಮೊದಲ ದಿನವೇ ಗೊತ್ತಾಗಿತ್ತು, ಭಾಗವತರ ಮುಂಡಾಸು ಎಲ್ಲಿ ಮುಗಿಯುತ್ತದೆ, ಹಣೆ ಎಲ್ಲಿ ಶುರುವಾಗುತ್ತದೆ ಎಂದು ತಿಳಿಯುತ್ತಿರಲಿಲ್ಲ. ಮನೆಯ ಖರ್ಚಿನ ವಿಷಯ ಎಂದು ಸುಮ್ಮನಿದ್ದೆ. ಥಾಣೆಯವರಲ್ಲಿ ಒಂದು ಪ್ರಶ್ನೆ: 360 ಇಟ್ಟರೆ ಗಂಟೆಗೆ ಎಷ್ಟು ಹೋಗುತ್ತದೆ?

ಥಾಣೆಯ ಲೆಕ್ಕಿಗ (ಭಾನುವಾರ, ಮಧ್ಯಾಹ್ನ 2:40)

ನಮಸ್ಕಾರ. ಸುಮಾರು 300 ಎಂಬಿ. ದಿನಕ್ಕೆ ಮೂರು ಗಂಟೆ ನೋಡಿದರೂ ಪತ್ರಿಕೆಗೆ ಉಳಿಯುತ್ತದೆ. ಧೈರ್ಯವಾಗಿ ಇಡಿ.